ಶ್ರೀಮಾನ್ ನಾಲ್ಕು ಜನರ ಸನ್ನಿಧಾನಕ್ಕೆ

ತೀರ್ಥರೂಪ ಸಮಾನರಾದ, ಸಕಲಗುಣಸಂಪನ್ನರಾದ, ಶ್ರೀಮಾನ್ ನಾಲ್ಕು ಜನರವರ ಪಾದಾರವಿಂದಗಳಿಗೆ, ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕು ರುದ್ರಪಟ್ಟಣದಿಂದ ವಿಧೇಯಳಾದ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ತಾವು ಯಾರು, ಎಲ್ಲಿ ವಾಸ ಎಂಬುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಆದರೆ ನಮ್ಮ ಮನೆಯಲ್ಲಿ ತಮ್ಮ ಅಪ್ಪಣೆಯಿಲ್ಲದೆ ಒಂದು ಹುಲ್ಲುಕಡ್ಡಿ ಅಲುಗಿದ್ದಿಲ್ಲ. ‘ನಾಲ್ಕು ಜನ ಏನಂದಾರು’ ಎಂದು ಅಜ್ಜಿ, ‘ನಾಲ್ಕು ಜನರ ಎದುರು ಮಾನ ಕಳೀಬೇಡ’ ಎಂದು ಅಪ್ಪ. ದೇವರ ಹೆಸರನ್ನೂ ಅವರು ದಿನಕ್ಕೆ ಇಷ್ಟು ಸಲ ಹೇಳುತ್ತಿರಲಿಲ್ಲ. ಬೆಳಿಗ್ಗೆ ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ನಿಂತವರು ತಾವೇ, ರಾಮನಾಥಪುರದ ಬಸ್ಸಿನಲ್ಲಿ ಹಿಂದಕ್ಕೆ ತಿರುಗಿ ನೋಡುವವರು ತಾವೇ, ಹೊಳೆನರಸೀಪುರದ ಕಲ್ಯಾಣಮಂಟಪದಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಮಾತಾಡಿಕೊಳ್ಳುವವರೂ ತಾವೇ. ಒಬ್ಬರೇ ಇದ್ದಾಗಲೂ ನಾಲ್ಕು ಜನರ ಪರವಾಗಿ ಮಾತಾಡುವ ತಮ್ಮ ಸಾಮರ್ಥ್ಯಕ್ಕೆ ಮೊದಲು ಕೈಮುಗಿಯುತ್ತೇನೆ.

ಈ ಪತ್ರದ ವಿಷಯ ನನ್ನ ಒಡಹುಟ್ಟಿದವನು. ವಯಸ್ಸು 23. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅವನಿಗೆ ಆಟಿಸಂ ಇದೆ ಎಂದು ಹೇಳಿದಾಗ ಅವನು ಅಮ್ಮನ ಸೊಂಟದ ಮೇಲಿದ್ದ. ಅವನಿಗೊಂದು ಹೆಸರಿದೆ. ಇಷ್ಟು ವರ್ಷಗಳಲ್ಲಿ ತಾವು ಅದನ್ನು ಕೇಳಿದವರಲ್ಲ, ‘ನಿಮ್ಮ ಆ ಹುಡುಗ’ ಎಂದೇ ಕೆಲಸ ನಡೆಸಿಕೊಂಡು ಬಂದವರು. ಆದ್ದರಿಂದ ಇಲ್ಲಿಯೂ ಅದನ್ನು ಬರೆದು ತಮಗೆ ತೊಂದರೆ ಕೊಡುವುದಿಲ್ಲ.

ನೂರು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಆಟಿಸಂ ಇರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟಿದ್ದ ಅಂದಾಜು. ಆ ಲೆಕ್ಕದಲ್ಲಿ ಅರಕಲಗೂಡಿನ ಒಂದು ಸಂತೆ ಸುತ್ತಿ ಬರುವಷ್ಟರಲ್ಲಿ ತಾವು ಅಂಥ ಹಲವರ ಪಕ್ಕದಲ್ಲಿ ನಿಂತು ಸೊಪ್ಪು ಕೊಂಡಿರಬೇಕು. ‘ನಮ್ಮ ಕಡೆ ಇಂಥದ್ದನ್ನ ಕಂಡೇ ಇಲ್ಲ ಕಣಮ್ಮ’ ಎಂದು ತಾವು ಹೇಳುವುದೂ ಸುಳ್ಳಲ್ಲ. ಕಾಣುವುದಾದರೂ ಹೇಗೆ? ತಮ್ಮ ಮೇಲಿನ ಗೌರವದಿಂದ ಅವರನ್ನೆಲ್ಲ ಒಳಕೋಣೆಯಲ್ಲಿ ಇಟ್ಟಿದ್ದಾರೆ. 2011ರ ಜನಗಣತಿಯವರೂ ಮನೆಮನೆಗೆ ಬಂದು ಎಂಟು ಬಗೆಯ ಅಂಗವೈಕಲ್ಯ ಬರೆದುಕೊಂಡು ಹೋದರು, ಅದರಲ್ಲಿ ಆಟಿಸಂ ಎಂಬ ಕಾಲಂ ಇರಲಿಲ್ಲ. ಕಾಣದಿದ್ದರೆ ಇಲ್ಲ ಎಂಬ ತತ್ವದಲ್ಲಿ ತಾವೂ ಸರ್ಕಾರವೂ ಅನ್ಯೋನ್ಯವಾಗಿದ್ದೀರಿ, ಸಂತೋಷ.

ತಾವು ನಮ್ಮ ಮನೆಗೆ ದಯಮಾಡಿಸಿದ ಸಂಜೆಗಳನ್ನು ನೆನೆದರೆ ಇಂದಿಗೂ ಮೈ ಪುಲಕಗೊಳ್ಳುತ್ತದೆ. ಒಂದು ಸಂಜೆಯದಂತೂ ಹೇಳಲೇಬೇಕು. ಕಾಫಿ ಆಗಿತ್ತು. ‘ಸರಿ, ಇನ್ನೇನ್ ಹೊರಡ್ತೀವಿ’ ಎಂದಿರಿ. ಅದನ್ನು ಕೇಳಿದವನು ಎದ್ದು ಹೋಗಿ, ಜಗಲಿ ಕೆಳಗೆ ಚೆಲ್ಲಾಪಿಲ್ಲಿಯಾಗಿದ್ದ ತಮ್ಮ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ, ಬೀದಿಯ ಕಡೆ ಮುಖ ಮಾಡಿಸಿ, ಕಾಲು ಹಾಕಿದರೆ ಸಾಕು ಎಂಬಂತೆ ಇಟ್ಟು, ಬಾಗಿಲು ಹಿಡಿದು ನಿಂತ. ತಾವು ಕೂತೇ ಇದ್ದಿರಿ. ಹೊರಡುವ ಮಾತಾಡಿದ ಮೇಲೆ ತಾವು ಮಾವಿನಕೆರೆಯ ಜಾತ್ರೆಯಿಂದ ಹಿಡಿದು ಯಾರದೋ ಭಾಗದ ಕೇಸಿನವರೆಗೆ ಎಲ್ಲ ವಿಚಾರಿಸಿದಿರಿ, ಅವನು ಬಾಗಿಲು ಬಿಡಲಿಲ್ಲ. ಆಮೇಲೆ ಬೀದಿಯಲ್ಲಿ ‘ಮನೆಗೆ ಬಂದೋರನ್ನ ಚಪ್ಪಲಿ ತೋರಿಸಿ ಕಳಿಸ್ತಾನೆ, ಹೆತ್ತೋರು ಏನ್ ಕಲಿಸವ್ರೆ’ ಎಂದು ತಾವು ನೊಂದುಕೊಂಡಿದ್ದು ನಮಗೆ ತಲುಪಿತು. ಕ್ಷಮೆ ಇರಲಿ. ಹೊರಡುತ್ತೇವೆ ಎಂದವರು ಹೊರಡುತ್ತಾರೆ ಎಂದು ನಂಬಿದ್ದು ಅವನ ಅಪರಾಧ. ಒಂದು ಸಣ್ಣ ಬಿನ್ನಹ ಮಾತ್ರ ಇದೆ: ಆ ಸಂಜೆ ಆ ಹಜಾರದಲ್ಲಿ ಯಾರಾದರೂ ಯಾರದಾದರೂ ಮಾತನ್ನು ಲಕ್ಷ್ಯ ಕೊಟ್ಟು ಕೇಳಿದ್ದರೆ, ಅದು ಅವನೊಬ್ಬನೇ.

ಇನ್ನು ಸಂಗೀತದ ವಿಚಾರ. ನಮ್ಮದು ರುದ್ರಪಟ್ಟಣ. ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ ಊರು, ರುದ್ರಪಟ್ಟಣ ಸಹೋದರರೆಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅವರ ಊರು, ಆರ್.ಕೆ. ಪದ್ಮನಾಭ ಅವರು ತಂಬೂರಿಯ ಆಕಾರದಲ್ಲೇ ಮಂದಿರ ಕಟ್ಟಿಸಿದ ಊರು. ಇಲ್ಲಿ ಕಾಗೆಯೂ ಶ್ರುತಿ ಸೇರಿಸಿಯೇ ಕೂಗುತ್ತದೆ ಎಂದು ಹೊರಗಿನವರು ತಮಾಷೆ ಮಾಡುತ್ತಾರೆ. ಇಂಥ ಊರಿನ ಹುಡುಗನಿಗೆ ಆಟಿಸಂ ಎಂದು ತಿಳಿದ ಕ್ಷಣ ತಮ್ಮ ಮುಖ ಅರಳಿತಲ್ಲ, ಅದನ್ನು ಮರೆಯಲಾರೆ. ‘ಇಂಥವರಿಗೆ ಒಂದು ಕಡೆ ಕಿತ್ಕೊಂಡ್ರೆ ದೇವರು ಇನ್ನೊಂದು ಕಡೆ ಕೊಟ್ಟಿರ್ತಾನೆ’ ಎಂದು ಹಿಂದೂ ಮುಂದೂ ನೋಡದೆ ತಾವು ಮೊಬೈಲಿನಲ್ಲಿ ಒಂದು ಆಲಾಪನೆ ಹಾಕಿ, ಅವನ ಕಿವಿಯ ಹತ್ತಿರ ಹಿಡಿದು, ‘ಯಾವ ರಾಗ ಹೇಳು ಪುಟ್ಟ’ ಎಂದು ಕಾದಿರಿ. ಪುಟ್ಟ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದ. ಅವನಿಗೆ ತೋಡಿಯೂ ಬೇಡ, ಕಾಂಬೋದಿಯೂ ಬೇಡ. ಮೈಕು ಕುಯ್ಯೆಂದು ಅರಚುವ ಸಭೆಯಲ್ಲಿ ಅವನಿಗೆ ತಲೆ ಸಿಡಿಯುತ್ತದೆ, ಅಷ್ಟೆ. ಅಂದಿನಿಂದ ತಾವು ಅವನ ಮೇಲೆ ಮುನಿಸಿಕೊಂಡಿದ್ದೀರಿ, ಬಾಯಿಬಿಟ್ಟು ಹೇಳಿಲ್ಲ. ಆಟಿಸಂ ಇದೆ, ಪವಾಡ ಇಲ್ಲ ಎಂದರೆ ಯಾರಿಗೆ ತಾನೇ ನಿರಾಸೆಯಾಗದು!

ತಪ್ಪು ತಮ್ಮದೊಂದೇ ಅಲ್ಲ. 1988ರಲ್ಲಿ ‘ರೇನ್ ಮ್ಯಾನ್’ ಎಂಬ ಇಂಗ್ಲಿಷ್ ಸಿನಿಮಾ ಬಂತು. ಡಸ್ಟಿನ್ ಹಾಫ್‌ಮನ್ ಆಟಿಸಂ ಇರುವವನ ಪಾತ್ರದಲ್ಲಿ ಕಣ್ಣಲ್ಲೇ ಕಡ್ಡಿ ಎಣಿಸಿದರು, ಲೋಕವೆಲ್ಲ ಆಟಿಸಂ ಅಂದರೆ ಕಡ್ಡಿ ಎಣಿಸುವುದು ಎಂದುಕೊಂಡಿತು. ಆ ಪಾತ್ರಕ್ಕೆ ಸ್ಫೂರ್ತಿ ಕೊಟ್ಟ ಕಿಮ್ ಪೀಕ್ ಎಂಬವರ ಮಿದುಳಿನ ರಚನೆಯೇ ಹುಟ್ಟಿನಿಂದ ಬೇರೆಯಾಗಿತ್ತು. ಅವರಿಗಿದ್ದದ್ದು ಆಟಿಸಂ ಅಲ್ಲ ಎಂದು ತಜ್ಞರು ಆಮೇಲೆ ಹೇಳಿದ್ದು ಯಾವ ಟಾಕೀಸಿನಲ್ಲೂ ಓಡಲಿಲ್ಲ.

ಪವಾಡ ಇಲ್ಲ ಎಂದೆನಲ್ಲ, ಆಸಕ್ತಿ ಇದೆ. ಜಲಾಶಯಗಳ ನೀರಿನ ಮಟ್ಟ. ಪತ್ರಿಕೆ ಬಂದೊಡನೆ ಅವನು ಓದುವುದು ಅದೊಂದನ್ನೇ. ಗೊರೂರಿನ ಹೇಮಾವತಿಯ ಗರಿಷ್ಠ ಮಟ್ಟ 2922 ಅಡಿ, ಹಾರಂಗಿಯದು 2859, ಕನ್ನಂಬಾಡಿಯದು 124.80. ಇವತ್ತಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ಕಳೆದ ವರ್ಷ ಇದೇ ದಿನ ಎಷ್ಟಿತ್ತು ಎಂದು ಅವನು ಹೇಳಲು ಶುರು ಮಾಡಿದರೆ ತಾವು ಗಡಿಯಾರ ನೋಡುತ್ತೀರಿ. ಹಾರಂಗಿಯಿಂದ ನೀರು ಬಿಟ್ಟರೆ ನಮ್ಮೂರ ಹೊಳೆ ಏರುತ್ತದೆ, ಹೊಳೆ ದಂಡೆಯಲ್ಲಿ ಗದ್ದೆ ಇರುವ ತಮಗೆ ಅದು ಅಗತ್ಯವಾದ ವಿಷಯವೇ. ಆದರೂ ‘ಅದೇ ರಾಗ ಅದೇ ಹಾಡು’ ಎಂದು ನಗುತ್ತೀರಿ. ತಮಗೆ ಬಂಗಾರದ ರೇಟು, ಯಾರ ಮಗ ಅಮೆರಿಕದಲ್ಲಿ ಎಷ್ಟು ಸಂಬಳ ತರುತ್ತಾನೆ, ಯಾರ ಸೊಸೆ ತವರಿಗೆ ಹೋಗಿ ಎಷ್ಟು ತಿಂಗಳಾಯಿತು ಎಂಬ ಅಂಕಿ-ಅಂಶಗಳು ಕಂಠಪಾಠ. ಅದನ್ನು ಲೋಕಜ್ಞಾನ ಎನ್ನುತ್ತಾರೆ. ಅವನದು ಲಕ್ಷಣ.

ಕಾರಣ ಹುಡುಕುವುದರಲ್ಲಿ ತಾವು ತೋರಿದ ಶ್ರದ್ಧೆಗೆ ನಮ್ಮಮ್ಮ ಚಿರಋಣಿ. ಮೊದಲು ‘ಗಂಡುಮಕ್ಕಳಿಗೆ ಮಾತು ತಡ, ಅವರಪ್ಪನಿಗೂ ತಡವಾಗಿತ್ತು ಬುಡಿ’ ಎಂದು ಎರಡು ವರ್ಷ ಕಾಯಿಸಿದಿರಿ. ಆಮೇಲೆ ಬಜೆ ಬೇರು ತೇಯ್ದು ಜೇನಿನಲ್ಲಿ ಕಲಸಿ ನಾಲಿಗೆಗೆ ಸವರಿಸಿದಿರಿ, ಅವನು ವಾಂತಿ ಮಾಡಿಕೊಂಡ. ನಾಗದೋಷ ಎಂದಿರಿ, ಘಟ್ಟ ಇಳಿದು ಸುಬ್ರಹ್ಮಣ್ಯಕ್ಕೆ ಹೋಗಿಬಂದೆವು, ನಾಗಪ್ಪನದೇನೂ ತಕರಾರಿರಲಿಲ್ಲ. ಚುಚ್ಚುಮದ್ದಿನಿಂದ ಹೀಗಾಯಿತು ಎಂದು ವಾಟ್ಸಾಪ್ ಕಳಿಸಿದಿರಿ. ಅದರ ಮೂಲ 1998ರಲ್ಲಿ ವೇಕ್‌ಫೀಲ್ಡ್ ಎಂಬ ಇಂಗ್ಲೆಂಡಿನ ವೈದ್ಯ 12 ಮಕ್ಕಳನ್ನು ಇಟ್ಟುಕೊಂಡು ಬರೆದ ಲೇಖನ. ಅಚ್ಚು ಹಾಕಿದ ‘ಲ್ಯಾನ್ಸೆಟ್’ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು, ಆತನ ವೈದ್ಯಕೀಯ ಪರವಾನಗಿಯೂ ಹೋಯಿತು. ತಮ್ಮ ವಾಟ್ಸಾಪ್ ಮಾತ್ರ ಪ್ರತಿ ಪೋಲಿಯೋ ಭಾನುವಾರ ಹೊಸದಾಗಿ ಹುಟ್ಟಿ ಬರುತ್ತದೆ. ಕೊನೆಗೆ ಸ್ಟೆಮ್ ಸೆಲ್ ಚಿಕಿತ್ಸೆಯ ಜಾಹೀರಾತು ಕತ್ತರಿಸಿ ತಂದುಕೊಟ್ಟು, ‘ತೋಟ ಮಾರಿದ್ರೂ ಪರವಾಗಿಲ್ಲ, ಮಗ ಸರಿಹೋಗ್ತಾನಲ್ಲ’ ಎಂದಿರಿ. ಆಟಿಸಂಗೆ ಅದನ್ನು ಚಿಕಿತ್ಸೆ ಎಂದು ಕೊಡಬಾರದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕ ಮಂಡಳಿ 2022ರಲ್ಲಿ ಹೇಳಿದ ಮೇಲೆ ಆ ಜಾಹೀರಾತನ್ನು ತಮಗೆ ಹಿಂದಿರುಗಿಸಲು ಬಂದಿದ್ದೆ, ತಾವು ಮನೆಯಲ್ಲಿರಲಿಲ್ಲ. ತೋಟ ಹಾಗೇ ಇದೆ.

ಇವೆಲ್ಲ ಮುಗಿದ ಮೇಲೆ ಉಳಿದದ್ದು ಅಮ್ಮ. ‘ಮಗೂನ ಎತ್ತಿ ಆಡಿಸ್ಲಿಲ್ಲ, ಸ್ಕೂಲಿಗೆ ಪಾಠ ಮಾಡಕ್ಕೆ ಹೋದ್ಲು, ಟಿವಿ ಮುಂದೆ ಕೂರಿಸಿದ್ಲು’ ಎಂಬ ತೀರ್ಪು ಅಡುಗೆಮನೆಯಿಂದ ಹೊರಬಿತ್ತು. ಇಲ್ಲಿ ತಮಗೆ ನಿಜವಾಗಿಯೂ ತಲೆಬಾಗುತ್ತೇನೆ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ 11 ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದಾಗ, ಅವರ ತಂದೆತಾಯಿಗಳಲ್ಲಿ ಬೆಚ್ಚನೆಯ ಪ್ರೀತಿ ಕಡಿಮೆ ಎಂದೊಂದು ಮಾತು ಸೇರಿಸಿದ್ದರು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಆ ಎಳೆ ಹಿಡಿದು ಇಡೀ ಪುಸ್ತಕವನ್ನೇ ನೇಯ್ದರು. ‘ರೆಫ್ರಿಜರೇಟರ್ ತಾಯಿ’ ಎಂಬ ಬಿರುದು ಆ ಕಾಲದ ತಾಯಂದಿರಿಗೆಲ್ಲ ಸಿಕ್ಕಿತು. ಸ್ವತಃ ಅಂಥ ಮಗನ ತಂದೆಯಾಗಿದ್ದ ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ, ಇದು ಹುಟ್ಟಿನಿಂದ ಬರುವಂಥದ್ದು, ತಾಯಿಯ ತಪ್ಪಲ್ಲ ಎಂದು ಪುಸ್ತಕ ಬರೆದು ವಾದಿಸಿದ್ದರು. ಅಲ್ಲಿ ಆ ಬಿರುದು ಸತ್ತು ದಶಕಗಳಾದವು. ಆ ಬೆಟಲ್‌ಹೈಮ್ ಅವರ ಒಂದು ಪುಟ ಓದದೆಯೂ ತಾವು ಅದೇ ತೀರ್ಮಾನಕ್ಕೆ, ಅದೂ ನಮ್ಮ ಮನೆಗೆ ಫ್ರಿಜ್ ಬರುವ ಮೊದಲೇ, ಬಂದಿರಲ್ಲ! ಅಮ್ಮ ಕೆಲಸ ಬಿಟ್ಟಳು. ಬಿಟ್ಟ ಮೇಲೆ ‘ಸಂಬಳ ಬರೋ ಕೆಲಸ ಬಿಟ್ಟು ಅವನ ಹಿಂದೆ ಸುತ್ತಿ ಮುದ್ದು ಮಾಡಿ ಕೆಡಿಸಿದ್ಲು’ ಎಂದಿರಿ. ಎರಡೂ ಕಡೆ ನ್ಯಾಯ ಹೇಳುವ ಹಿರಿಯರು ಸಿಗುವುದು ಈ ಕಾಲದಲ್ಲಿ ದುರ್ಲಭ.

(ನಡುವೆ ಒಂದು ಮಾತು. ದೊಡ್ಡಪ್ಪನ ಮಗಳೊಬ್ಬಳಿದ್ದಾಳೆ. ಚಿಕ್ಕವಳಿದ್ದಾಗ ಯಾರೊಂದಿಗೂ ಬೆರೆಯುತ್ತಿರಲಿಲ್ಲ, ಒಂದೇ ಬಟ್ಟಲಲ್ಲಿ ಊಟ, ಒಂದೇ ಲಂಗ, ಮದುವೆಮನೆಯ ಗದ್ದಲದಲ್ಲಿ ಉಗ್ರಾಣ ಸೇರಿಕೊಳ್ಳುವಳು. ‘ಎಷ್ಟು ಮರ್ಯಾದಸ್ಥ ಹುಡುಗಿ, ತಲೆ ಎತ್ತಿ ನೋಡಲ್ಲ’ ಎಂದು ತಾವು ಹೊಗಳಿ ಹೊಗಳಿ ಬೆಳೆಸಿದಿರಿ. ಅವಳಿಗೂ ಆಟಿಸಂ ಎಂದು ಬೆಂಗಳೂರಿನಲ್ಲಿ ಗೊತ್ತಾದಾಗ ಅವಳ ಮಗಳು ಶಾಲೆಗೆ ಹೋಗುತ್ತಿದ್ದಳು. ಹೊಗಳಿದ್ದಕ್ಕೂ ವಂದನೆಗಳು.)

ಶಾಲೆಯ ಕಾರ್ಯಾಲಯದಲ್ಲಿ ಗಾಜಿನ ಮೇಜಿನ ಆಚೆ ಕೂತಿದ್ದಾಗಲೂ ತಾವು ಎಂಥ ವಿನಯಶೀಲರು! ಇಲ್ಲ ಎಂಬ ಮಾತು ತಮ್ಮ ಬಾಯಿಂದ ಬರಲೇ ಇಲ್ಲ. ‘ನಮ್ಮಲ್ಲಿ ಸೌಲಭ್ಯ ಸಾಲದು, ನಿಮ್ಮ ಮಗುವಿಗೇ ಅನ್ಯಾಯ ಆಗುತ್ತೆ, ಬೇರೆ ಪೇರೆಂಟ್ಸ್ ಆಕ್ಷೇಪಣೆ ಮಾಡ್ತಾರೆ, ಮೈಸೂರಿನ ಕಡೆ ಒಳ್ಳೊಳ್ಳೆ ಸ್ಪೆಷಲ್ ಸ್ಕೂಲ್ ಇವೆ.’ ನೀರು ಕೊಡಿಸಿ, ಗೇಟಿನವರೆಗೂ ಬಂದು ಬೀಳ್ಕೊಟ್ಟಿರಿ. ಆಗ ಜಾರಿಯಲ್ಲಿದ್ದ 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು, ಆಟಿಸಂ ಅದರಲ್ಲಿರಲಿಲ್ಲ. 2016ರಲ್ಲಿ ಬಂದ ಹೊಸ ಕಾಯ್ದೆ ಏಳನ್ನು 21 ಮಾಡಿ ಆಟಿಸಂ ಸೇರಿಸಿತು, ಮಾನ್ಯತೆ ಪಡೆದ ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು ಎಂದಿತು. ಅದು ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅಷ್ಟರಲ್ಲಿ ನಮ್ಮ ಹುಡುಗನಿಗೆ ಮೀಸೆ ಮೂಡುತ್ತಿತ್ತು. ಸರ್ಕಾರಿ ಶಾಲೆಯ ಕೊನೆಯ ಬೆಂಚಿನಲ್ಲಿ ಅವನು ಕಲಿತದ್ದು ಓದು, ಕೂಡುವುದು, ಕಳೆಯುವುದು ಮತ್ತು ‘ಲೋ ಮೆಂಟ್ಲು’ ಎಂದು ಕರೆದರೆ ಓಗೊಡಬಾರದು ಎಂಬುದು. ಕೊನೆಯದನ್ನು ಕಲಿಸಿದ ಮೇಷ್ಟ್ರಿಗೆ ಮಾತ್ರ ನಾನು ವ್ಯಂಗ್ಯವಿಲ್ಲದೆ ಕೈಮುಗಿಯುತ್ತೇನೆ.

ಅದೇ ಕಾಯ್ದೆಯ 92ನೇ ಕಲಮಿನ ಕಡೆಗೂ ತಮ್ಮ ಗಮನ ಸೆಳೆಯಲು ಅಪ್ಪಣೆ ಬೇಡುತ್ತೇನೆ. ನಾಲ್ಕು ಜನರ ಕಣ್ಣೆದುರು ಅಂಗವಿಕಲ ವ್ಯಕ್ತಿಯನ್ನು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ, ಜತೆಗೆ ದಂಡ. ಅವಮಾನ ಮಾಡಿದವರೂ ತಾವೇ, ನೋಡಿದ ನಾಲ್ಕು ಜನವೂ ತಾವೇ ಆದಾಗ ಸಾಕ್ಷಿ ಹೇಳುವವರು ಯಾರು ಎಂಬ ಕಾನೂನಿನ ಜಿಜ್ಞಾಸೆ ನನಗಿನ್ನೂ ಬಗೆಹರಿದಿಲ್ಲ.

ಅಂಗವೈಕಲ್ಯದ ಸರ್ಟಿಫಿಕೇಟು ಮಾಡಿಸುವಾಗ ಅವನನ್ನು ಅಳೆದ ಮಾಪಕವೊಂದಿದೆ. ಭಾರತೀಯ ಆಟಿಸಂ ಮಾಪಕ, ಇಂಗ್ಲಿಷಿನಲ್ಲಿ ಚುಟುಕಾಗಿ ಐಸಾ ಎನ್ನುತ್ತಾರೆ. ಆರು ವಿಭಾಗ, 40 ಪ್ರಶ್ನೆ, ಒಂದೊಂದಕ್ಕೆ ಒಂದರಿಂದ ಐದು ಅಂಕ. 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ, 153 ದಾಟಿದರೆ ತೀವ್ರ. ಆ ಹಾಳೆಗಳ ಒಂದು ಪ್ರತಿ ಮನೆಯಲ್ಲೇ ಇತ್ತು. ಒಂದು ಮಧ್ಯಾಹ್ನ ಬಿಡುವಾಗಿದ್ದೆ, ತಾವು ನೆನಪಾದಿರಿ. ಅಧಿಕಪ್ರಸಂಗ ಮನ್ನಿಸಬೇಕು, ತಮ್ಮನ್ನೇ ಒಂದು ಸಲ ಅಳೆದು ನೋಡಿದೆ.

ಕಣ್ಣಿಗೆ ಕಣ್ಣು ಕೊಡುವುದಿಲ್ಲವೇ? ನನ್ನ ಅಮ್ಮನ ಜತೆ ಮಾತಾಡುವಾಗ ತಾವು ಅವಳ ಭುಜದಾಚೆ ಅವನು ಏನು ಮಾಡುತ್ತಿದ್ದಾನೆ ಎಂದೇ ನೋಡುತ್ತೀರಿ. ನಾಲ್ಕು ಅಂಕ. ಜನರೊಂದಿಗೆ ಬೆರೆಯಲು ತಾವಾಗಿ ಮುಂದಾಗುವುದಿಲ್ಲವೇ? ಅವನ ಜತೆಗೆ, ಯಾವತ್ತೂ ಇಲ್ಲ. ಐದು. ಕೇಳಿದ ಮಾತನ್ನೇ ಗಿಣಿಪಾಠದಂತೆ ಮತ್ತೆ ಮತ್ತೆ ಹೇಳುವುದುಂಟೇ? ‘ದೊಡ್ಡೋನಾದ್ಮೇಲೆ ಸರಿಹೋಗ್ತಾನೆ’ ಎಂಬ ವಾಕ್ಯ ತಮ್ಮ ಬಾಯಲ್ಲಿ ಅವನು ದೊಡ್ಡವನಾದ ಮೇಲೂ ಬರುತ್ತಿದೆ. ಐದಕ್ಕಿಂತ ಹೆಚ್ಚು ಕೊಡಲು ಅವಕಾಶವಿರಲಿಲ್ಲ. ಎಲ್ಲವೂ ಹಿಂದೆ ಇದ್ದ ಹಾಗೇ ಇರಬೇಕೆಂದು ಹಟ ಹಿಡಿಯುವುದು? ಮದುವೆಮನೆಯಲ್ಲಿ ಅವನಿಗೆ ಪಂಕ್ತಿಗೆ ಮೊದಲೇ ಮೂಲೆಯಲ್ಲಿ ಊಟ ಬಡಿಸಿ ಎಂದು ಕೇಳಿದ ದಿನ ತಾವು ‘ಸಂಪ್ರದಾಯ’ ಎಂದು ಎಗರಾಡಿದ್ದು ನೆನೆದು ಪೂರ್ತಿ ಅಂಕ ಹಾಕಿದೆ. ನಿರ್ಜೀವ ವಸ್ತುಗಳ ಮೇಲೆ ಮಿತಿಮೀರಿದ ಮೋಹ? ಈ ಪ್ರಶ್ನೆ ಓದುವಾಗ ತಾವು ಎದುರಿನ ಜಗಲಿಯಲ್ಲಿ ಸಾಲಾಗಿ ಕೂತು ಮೊಬೈಲು ಉಜ್ಜುತ್ತಿದ್ದಿರಿ. ಸಂದರ್ಭಕ್ಕೆ ತಕ್ಕ ಭಾವನೆ ತೋರದಿರುವುದು? ಇದಕ್ಕೆ ಬಂದಾಗ ಅಮ್ಮ ಒಳಗಿನಿಂದ ‘ಸಾಕು ಬಿಡೆ’ ಎಂದಳು, ಬಿಟ್ಟೆ. ಅಷ್ಟರಲ್ಲೇ ಒಟ್ಟು ಮೊತ್ತ ಬಸ್ ಪಾಸಿಗೆ ಸಾಕಾಗುವಷ್ಟಾಗಿತ್ತು. 40ನೆಯ, ಕೊನೆಯ ಪ್ರಶ್ನೆ ಅಸಾಧಾರಣ ಪ್ರತಿಭೆ ಇದೆಯೇ ಎಂಬುದು. ಅದೊಂದರಲ್ಲಿ ತಮಗೂ ಅವನಿಗೂ ಸಮಸಮ.

ನಾನು ತಮಾಷೆ ಮಾಡಿದ್ದನ್ನೇ ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ, 2012ರಲ್ಲಿ ಗಂಭೀರವಾಗಿ ಬರೆದರು. ಆಟಿಸಂ ಇರುವವರಿಗೆ ಇತರರು ಅರ್ಥವಾಗದಿದ್ದರೆ ಇತರರಿಗೂ ಅವರು ಅರ್ಥವಾಗುತ್ತಿಲ್ಲ, ದೋಷವನ್ನು ಒಂದೇ ಕಡೆಯ ಖಾತೆಗೆ ಬರೆಯುವುದು ಯಾವ ಲೆಕ್ಕ ಎಂಬುದು ಅವರ ವಾದ. ಎಡಿನ್‌ಬರೊ ವಿಶ್ವವಿದ್ಯಾಲಯದವರು 2020ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಬ್ಬರು ಕೇಳಿದ ಕತೆಯನ್ನು ಮುಂದಿನವರಿಗೆ, ಅವರು ಅದರ ಮುಂದಿನವರಿಗೆ ಹೇಳುತ್ತ ಹೋಗಬೇಕು. ಆಟಿಸಂ ಇರುವವರೇ ಇದ್ದ ಸಾಲು, ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ಕತೆ ದಾಟಿಸಿತು. ತಮ್ಮ ಸಾಲಿನಲ್ಲಿ ಕತೆ ದಾಟುವಾಗ ಎಷ್ಟು ಬೆಳೆಯುತ್ತದೆ ಎಂಬುದನ್ನು ಅಳೆಯಲು ಅವರು ರುದ್ರಪಟ್ಟಣಕ್ಕೆ ಬರಲಿಲ್ಲ.

ಮೈಸೂರು, ಬೆಂಗಳೂರುಗಳಲ್ಲಿ ಬಾಲ್ಯ ಕಳೆದ ಟಿಟೊ ರಾಜರ್ಷಿ ಮುಖೋಪಾಧ್ಯಾಯ ಅವರ ಹೆಸರು ಹೇಳಿದಾಗಲೂ ತಾವು ಮುಗುಳ್ನಕ್ಕಿರಿ. ಮಾತು ಬಾರದ ಆ ಹುಡುಗ ಬರೆದ ‘ಬಿಯಾಂಡ್ ದಿ ಸೈಲೆನ್ಸ್’ ಪುಸ್ತಕವನ್ನು 2000ರಲ್ಲಿ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಹೊರತಂದಿತು. ‘ಅಮ್ಮ ಬರೆದುಕೊಟ್ಟಿರ್ತಾಳೆ’ ಎಂದಿರಿ. ಮಾತಾಡದಿದ್ದರೆ ಬುದ್ಧಿಯಿಲ್ಲ, ಬರೆದರೆ ಬರೆದವರು ಬೇರೆ.

ಈಗ ಹೇಳಲು ಸ್ವಲ್ಪ ಸಂಕೋಚವಾಗುವ ವಿಷಯ. ನನ್ನನ್ನು ನೋಡಲು ಚನ್ನರಾಯಪಟ್ಟಣದ ಕಡೆಯಿಂದ ಗಂಡಿನವರು ಬರುವವರಿದ್ದ ದಿನ ತಾವು ಬೆಳಿಗ್ಗೆಯೇ ಬಂದು ಎಲ್ಲ ಉಸ್ತುವಾರಿ ವಹಿಸಿಕೊಂಡಿರಿ. ಕೇಸರಿಭಾತಿಗೆ ತುಪ್ಪ ಎಷ್ಟು, ನನಗೆ ಯಾವ ಸೀರೆ, ಇವನು ಎಲ್ಲಿ. ‘ಸಂಜೆವರೆಗೂ ತೋಟದ ಮನೇಲಿ ಇರ್ಲಿ, ಪಾಪ, ಅವನಿಗೂ ಗಲಾಟೆ ಆಗಲ್ಲ’ ಎಂದಿರಿ. ಅವನ ಒಳಿತಿಗಾಗಿ! ಅಪ್ಪ ಏನೂ ಹೇಳಲಿಲ್ಲ. ಅವನು ಬುತ್ತಿಯ ಡಬ್ಬಿ ಹಿಡಿದು ಹೊರಟವನು ಬಾಗಿಲಲ್ಲಿ ನಿಂತು, ‘ಅವರು ಹೊರಟ ಮೇಲೆ ಬರ್ಲಾ, ಹೊರಡ್ತೀವಿ ಅಂದ ಮೇಲೆ ಬರ್ಲಾ?’ ಎಂದು ಕೇಳಿದ. ನನಗೆ ನಗು ಬಂತು, ಆಮೇಲೆ ಸೀರೆ ಬದಲಾಯಿಸಿಕೊಂಡು ಅವನ ಜತೆ ನಾನೂ ತೋಟಕ್ಕೆ ಹೋದೆ. ಆ ಸಂಬಂಧ ಮುಂದುವರಿಯಲಿಲ್ಲ. ‘ಮನೆತನದಲ್ಲಿ ಏನೋ ಇದೆಯಂತೆ’ ಎಂದು ತಾವು ಹಬ್ಬಿಸಿದ ಸುದ್ದಿಯಿಂದ ಆಮೇಲಿನ ಮೂರ್ನಾಲ್ಕು ಸಂಬಂಧಗಳು ಬಾಗಿಲಿಗೆ ಬರುವ ಮೊದಲೇ ತಪ್ಪಿದವು. ಅವರಿಗೆಲ್ಲ ಮಾಡಬೇಕಾಗಿದ್ದ ಕೇಸರಿಭಾತು ಉಳಿಯಿತು. ಇದಕ್ಕೆ ನನ್ನ ಕೃತಜ್ಞತೆಯಲ್ಲಿ ವ್ಯಂಗ್ಯ ಎಷ್ಟು, ನಿಜ ಎಷ್ಟು ಎಂದು ನನಗೇ ಗೊತ್ತಾಗುತ್ತಿಲ್ಲ.

ಏಪ್ರಿಲ್ 2ರಂದು ತಾವು ಬೇರೆಯೇ ಅವತಾರ ತಾಳುತ್ತೀರಿ. ವಿಶ್ವಸಂಸ್ಥೆ 2007ರಲ್ಲಿ ಗೊತ್ತುಮಾಡಿದ ಆಟಿಸಂ ಜಾಗೃತಿ ದಿನ ಅದು. ತಾಲ್ಲೂಕು ಕೇಂದ್ರದ ವೇದಿಕೆಗೆ ನೀಲಿ ಬಟ್ಟೆ, ನೀಲಿ ಬಲ್ಬು. ಕಾರು ಕಳಿಸಿ ಅವನನ್ನು ಕರೆಸಿಕೊಂಡಿರಿ. ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲಿ ಕುತ್ತಿಗೆಗೆ ಚಮಕಿ ಹಾರ, ಮೈಮೇಲೆ ಜರಿಯ ಶಾಲು, ತಲೆಗೆ ಮೈಸೂರು ಪೇಟ, ಕಿವಿಯ ಬಳಿ ಆಳೆತ್ತರದ ಸ್ಪೀಕರು. ಶಾಲಿನ ಜರಿ ಅವನಿಗೆ ಮುಳ್ಳಿನ ಹಾಗೆ ಚುಚ್ಚುತ್ತದೆ. ಅವನು ಶಾಲು ತೆಗೆದು, ಅಂಚಿಗೆ ಅಂಚು ಕೂಡಿಸಿ ನೀಟಾಗಿ ಮಡಿಸಿ, ಅಧ್ಯಕ್ಷರ ತೊಡೆಯ ಮೇಲಿಟ್ಟು, ಮೆಟ್ಟಿಲಿಳಿದು ಹೋಗಿ ಹುಣಸೆಮರದ ಕೆಳಗೆ ಕೂತ. ತಾವು ಮೈಕಿನಲ್ಲಿ ‘ಇವರು ದೇವರ ಮಕ್ಕಳು, ಇವರಿಂದ ನಾವು ಕಲಿಯುವುದು ಬಹಳ ಇದೆ’ ಎಂದು ಇನ್ನರ್ಧ ಗಂಟೆ ಕಲಿತಿರಿ. ಆಟಿಸಂ ಇರುವವರ ಬಗ್ಗೆ ಆರು ಜನ ಮಾತಾಡಿದ ಆ ಸಭೆಯಲ್ಲಿ ಆಟಿಸಂ ಇದ್ದ ಒಬ್ಬನೇ ಒಬ್ಬನಿಗೆ ‘ನೀನೇನಾದರೂ ಹೇಳ್ತೀಯಾ’ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಕನ್ನಂಬಾಡಿಯ ಅಂದಿನ ಮಟ್ಟವಾದರೂ ಸಭಿಕರಿಗೆ ಸಿಗುತ್ತಿತ್ತು.

ಕೊನೆಯದಾಗಿ, ಹೊಗೆಸೊಪ್ಪಿನ ವ್ಯವಹಾರ. ಹೋದ ಹಂಗಾಮಿನಲ್ಲಿ ತಾವು ‘ಮನೇಲಿ ಕೂತು ಕೂತು ಇನ್ನೂ ಮಂಕಾಗ್ತಾನೆ, ನಮ್ಮ ಬ್ಯಾರನ್ ಹತ್ರ ಕಳಿಸಿ, ನಾಲ್ಕು ಜನರ ಜತೆ ಬೆರೀಲಿ’ ಎಂದು ಕರೆದುಕೊಂಡು ಹೋದಿರಿ. ಬ್ಯಾರನ್ನಿನಲ್ಲಿ ಬೇಯಿಸಿದ ಸೊಪ್ಪನ್ನು ಗ್ರೇಡ್ ಮಾಡುವ ಕೆಲಸ: ನಿಂಬೆಹಳದಿ ಒಂದು ಕಡೆ, ಕಿತ್ತಳೆ ಬಣ್ಣದ್ದು ಒಂದು ಕಡೆ, ಕಂದು ತಿರುಗಿದ್ದು, ಚುಕ್ಕೆ ಬಿದ್ದದ್ದು, ಹಸಿರು ಉಳಿದದ್ದು ಬೇರೆ ಬೇರೆ. ಅವನು ಪಟಪಟ ಮಾಡುವುದಿಲ್ಲ. ಒಂದೊಂದು ಎಲೆಯನ್ನೂ ಬಾಗಿಲ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ದೇಟಿನಿಂದ ತುದಿಯವರೆಗೆ ಬೆರಳಾಡಿಸಿ, ಆಮೇಲೆ ಇಡುತ್ತಾನೆ. ಇಟ್ಟದ್ದನ್ನು ತೆಗೆದು ಬೇರೆ ಕಡೆ ಇಡಬೇಕಾದ ಸಂದರ್ಭ ಬರಲಿಲ್ಲ ಎಂದು ತಾವೇ ಹೇಳಿದಿರಿ. ಆ ಬೇಲ್‌ಗಳು ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಒಳ್ಳೆ ದರಕ್ಕೆ ಹೋದವು, ತಾವು ಹೊಸ ಬೈಕಿಗೆ ಪೂಜೆ ಮಾಡಿಸಿ ಲಾಡು ಕಳಿಸಿದಿರಿ. ಪಕ್ಕದಲ್ಲಿ ಕೂತು ಅದೇ ಕೆಲಸ ಮಾಡಿದ ಹೆಂಗಸರಿಗೆ ದಿನಗೂಲಿ ಸಂದಿತು. ಅವನಿಗೆ ಎರಡು ಹೊತ್ತು ಟೀ, ಒಂದು ಪೊಟ್ಟಣ ಬಿಸ್ಕತ್ತು. ನಾನು ಕೇಳಿದ್ದಕ್ಕೆ ‘ಅವನಿಗ್ ದುಡ್ಡಿನ್ ಬೆಲೆ ಏನ್ ಗೊತ್ತು, ಟೈಂಪಾಸಿಗೆ ಬತ್ತಾನೆ’ ಎಂದಿರಿ.

ದುಡ್ಡಿನ ಬೆಲೆ ಅವನಿಗೆ ಗೊತ್ತೋ ಇಲ್ಲವೋ, ಅಂಕಿ ಬರೆದಿಡುವುದು ಗೊತ್ತು. ಡ್ಯಾಂ ಮಟ್ಟ ಬರೆಯುವ ನೋಟ್‌ಬುಕ್ಕಿನಲ್ಲೇ, ಹೇಮಾವತಿಯ ಕಾಲಂ ಪಕ್ಕ ಇನ್ನೊಂದು ಕಾಲಂ ಎಳೆದು, ತಮ್ಮ ಬ್ಯಾರನ್ನಿಗೆ ಹೋದ ತಾರೀಖು, ಕೂತ ಹೊತ್ತು, ಎದ್ದ ಹೊತ್ತು, ನಡುವೆ ಕರೆಂಟು ಹೋದ ನಿಮಿಷಗಳನ್ನು ಕಳೆದು ಎಲ್ಲ ಬರೆದಿಟ್ಟಿದ್ದಾನೆ. ಹೆಂಗಸರ ಕೂಲಿಯ ದರದಲ್ಲಿ ಗುಣಿಸಿದ್ದು ನಾನು. ಬಿಸ್ಕತ್ತಿನ ಬಾಬ್ತು ಕಳೆಯಬೇಕೆಂದು ಅವನು ಪಟ್ಟು ಹಿಡಿದಿದ್ದರಿಂದ ಅದನ್ನೂ ಕಳೆದಿದ್ದೇವೆ. ಅವನ ಹೆಸರಿನಲ್ಲಿ ಬ್ಯಾಂಕ್ ಖಾತೆ ಇದೆ, ಆ ನೆಪದಲ್ಲಾದರೂ ಹೆಸರು ತಮಗೆ ತಿಳಿಯುತ್ತದೆ. ನಗದಾಗಿ ಕೊಡುವುದಾದರೆ ಅವನ ಕೈಗೇ ಕೊಡಬೇಕು. ತಮ್ಮೆದುರೇ ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದು ಎಣಿಸುತ್ತಾನೆ, ಬೇಜಾರು ಮಾಡಿಕೊಳ್ಳಬಾರದು.

ಇತಿ ನಮಸ್ಕಾರಗಳೊಂದಿಗೆ,
ತಮ್ಮ ಚರಣಸೇವಕಿ,
‘ಆ ಹುಡುಗನ ಅಕ್ಕ’
ರುದ್ರಪಟ್ಟಣ

ಲಗತ್ತು: ನೋಟ್‌ಬುಕ್ಕಿನ ಜೆರಾಕ್ಸ್ ಪ್ರತಿ. ಡ್ಯಾಂ ಮಟ್ಟದ ಕಾಲಂ ತಮಗೆ ಉಚಿತ.